ಹದಿನಾಕು, ಹನ್ನೊಂದು

ಅಳತಿ ಒಂದಽ: ಹದಿನಾಕು ಇಂಚು, ಹನ್ನೊಂದು ಇಂಚು.
ಮೂವತ್ತೊಂದು ವರ್ಸ ಜಾಲವಾದಿ ಮಾಸ್ತರು
ನನ್ನ ಅಂಗಡಿಗೆ ತಂದದ್ದು ಇದಽ ಅಳತಿ.
ಸೈಕಲ್ಲಿನ ಕ್ಯಾರಿಯರಿಗೆ, ಹಳೇ ಧೋತರದಾಗ ಸುತ್ತಿ.
ಬಣ್ಣ ಇನ್ನೂ ಹಸಿ ಇರ್ತಿತ್ತು.
ಧೋತರಕ್ಕ ಅಂಟಿದಷ್ಟು ಧೋತರಕ್ಕ.

ನಾನು ಕಟ್ಟು ಹಾಕೋ ದಸ್ತಗೀರ.
ದೇವರಿಗೆ, ತೀರಿಕೊಂಡವರಿಗೆ, ಮದಿವಿ ಜೋಡಿಗೆ.
ಎಲ್ಲಾರೂ ನನ್ನ ಗ್ವಾಡಿ ಮ್ಯಾಲಿಂದ ನನ್ನನ್ನಽ ನೋಡತಾರ.
ಮಾಸ್ತರ ಚಿತ್ರದಾಗ ಯಾರೂ ಯಾರನ್ನೂ ನೋಡೂದಿಲ್ಲ:
ಒಂದು ಹಿತ್ತಾಳಿ ತಂಬಿಗಿ, ಮೂಗು ಮುರಿದ ಕಿಟ್ಲಿ,
ಟಿಂಚರ್ ಬಾಟ್ಲಿ, ಬೋರಲ ಇಟ್ಟ ಬೋಗಾಣಿ.

"ದಸ್ತಗೀರ, ಗಾಜು ಹಾಕಬ್ಯಾಡ."
"ಧೂಳ ಕೂಡತೈತ್ರಿ ಸರ್, ಇದು ವಿಜಾಪುರ."
"ಕೂಡಲಿ. ಅದನ್ನಽ ಬರದೀನಿ."

ಮುಂಬಯಿದಾಗ ಕಲತು ಬಂದಾಗ ಸಿಟ್ಟು ಭಾಳ.
ಮ್ಯಾಜು ಸೊಟ್ಟ, ತಂಬಿಗಿಗೆ ನಾಕು ಮಾರಿ,
ಇಂಡಿ ನಿಂಬಿಹಣ್ಣು ಈಗ ಬಿದ್ದಾವು ಅಂತ
ನಾನು ಕೈ ಒಡ್ಡಬೇಕು, ಹಂಗ.
ಹಗಲೆಲ್ಲಾ ಸಾಲಿ ಹುಡುಗೂರ ಕೈಲೆ
ಡ್ರಾಯಿಂಗ್ ಪರೀಕ್ಷಾಕ್ಕ ನೆಟ್ಟಗಿನ ಕೊಡ ಬರಸೋದು,
ರಾತ್ರಿ ಖೋಲ್ಯಾಗ ಕುಂತು ಅದಽ ಕೊಡ ಒಡಿಯೋದು.

ಆಮ್ಯಾಲೆ ಮೆಲ್ಲಕ ಮೂಲಿಗಳು ಸವದವು.
ಕೆಂಪು ಹೋತು. ಮ್ಯಾಜಿನ ಕಾಲು ಹೋದವು, ಮುಂದ ಮ್ಯಾಜು.
ತಂಬಿಗಿ ಎಲ್ಲಿ ಮುಗೀತು, ಗ್ವಾಡಿ ಎಲ್ಲಿ ಸುರು ಆತು,
ಚಸ್ಮಾ ಏರಿಸಿ ಹುಡುಕತಿದ್ದೆ.
ಉಳದದ್ದು ಮೂರು ಬಣ್ಣ:
ಬಿರಿದ ಎರಿಮಣ್ಣಿನದು, ಜ್ವಾಳದ ಹಿಟ್ಟಿನದು,
ಇನ್ನೊಂದಕ್ಕ ಹೆಸರಿಲ್ಲ.
ಮುಗಿಲು ಮಳಿ ತರ್ತೀನಂತ ಸುಳ್ಳು ಹೇಳೂಮುಂದ ಬರೂ ಬಣ್ಣ.

ಮುಂಬಯಿ ಟ್ಯೂಬಿಗೆ ಪಗಾರ ಸಾಲ್ತಿರಲಿಲ್ಲ.
ಗಾಣದಿಂದ ಅಗಸಿ ಎಣ್ಣಿ ತಂದು ತಾವಽ ಕಲಸೋರು.
ಬಿಳೀದಕ್ಕ ಮಾತ್ರ ಕುಸುಬಿ ಎಣ್ಣಿ,
ಹಳದಿ ತಿರಗೂದಿಲ್ಲ ಅಂತ.
ಅವರ ಖೋಲಿಗೆ ಕಾಲಿಟ್ರ ಹಸಿವು ಆಕ್ಕಿತ್ತು,
ಯಾರೋ ಹಿಂಡಿ ಕುಟ್ಟಾಕತ್ತಾರ ಅನಸ್ತಿತ್ತು.

ಒಮ್ಮಿ ಮುಂಬಯಿದಾಗ ಪ್ರದರ್ಶನ.
ಪೇಪರಿನ್ಯಾಗ "ಮೌನ" ಅಂತ ಬರದಿದ್ರು.
"ಇಪ್ಪತ್ತೆರಡು ಚಿತ್ರಕ್ಕ ಒಂದು ಶಬ್ದ," ಅಂದ್ರು ಮಾಸ್ತರು,
"ತುಟ್ಟಿ ಆತೋ, ಸೋವಿ ಆತೋ?"
ಮೂರು ಮಾರಿದ್ವು. ತಂಗೀಗೆ ಹೊಲಿಗಿ ಮಿಷನ್ ಬಂತು.
ಹತ್ತೊಂಬತ್ತು ರೈಲಿನ್ಯಾಗ ತಿರುಗಿ ಬಂದ್ವು,
ಎರಡರ ಕಟ್ಟು ಸೀಳಿತ್ತು. ರಿಪೇರಿಗೆ ನಾನು ರೊಕ್ಕ ಇಸ್ಕೊಂಡೆ.
ಇಸ್ಕೋಬಾರದಿತ್ತು.

ಸ್ಟೇಷನ್ ರೋಡಿನ ಲಾಡ್ಜಿನ ಶಿವಯೋಗಪ್ಪ ಸಾವಕಾರ
ಆರು ಫೂಟಿನ ಗೋಳಗುಮ್ಮಟ ಬೇಕಂದ್ರು, ಮುಂಗಡ ಐದು ಸಾವಿರ.
ಮಾಸ್ತರು ಒಲ್ಲೆ ಅನ್ನಲಿಲ್ಲ. ಎಂಟು ತಿಂಗಳಿಗೆ ಬಂತು:
ಹದಿನಾಕು, ಹನ್ನೊಂದು.
ಬೋರಲ ಬೋಗಾಣಿ. ಬಾಜೂಕ ಒಂದು ಕಡ್ಡಿಪೆಟ್ಟಿಗಿ.
"ಲಾಡ್ಜರೆ ಎಲ್ಲೈತ್ರಿ?" ಅಂತ ಸಾವಕಾರ ಚಾಷ್ಟಿ ಮಾಡಿದ್ರು.
ಮಾಸ್ತರು ಕಡ್ಡಿಪೆಟ್ಟಿಗಿಗೆ ಬೆರಳ ಹಚ್ಚಿದ್ರು.
ಮುಂಗಡ ತೀರಿಸಾಕ ಹತ್ತು ಕಂತು.
ಚಿತ್ರ ನನ್ನ ಕಡೇನಽ ಉಳೀತು, ಕಟ್ಟಿಲ್ಲದ.

ಅವರು ಹೋಗಿ ಎರಡು ವರ್ಸ.
ಮೊನ್ನೆ ತಂಗಿ ಮಗಳು ಗಂಗೂ ಬಂದು
ಕೌಂಟರಿನ ಮ್ಯಾಲೆ ಏನೋ ಇಟ್ಟಳು, ಫಳಫಳ.
"ಮಾಮಾ ನಿಮಗ ಕೊಡು ಅಂದಿದ್ದ.
ಹುಣಸಿಹಣ್ಣು ಹಚ್ಚಿ ತಿಕ್ಕಿ ತಂದೀನ್ರಿ."
ನನಗ ಗುರುತಽ ಹತ್ತಲಿಲ್ಲ.
ಮೂವತ್ತೊಂದು ವರ್ಸ ಕಟ್ಟು ಹಾಕಿದ ತಂಬಿಗಿ,
ಯಾರದೋ ಮದಿವಿ ಆಯೇರಿನಂಗ ನಿಂತಿತ್ತು.
ನನ್ನ ಮಾರಿ ಅದರಾಗ ಉದ್ದಕ, ಗಡ್ಡ ಸೈತ.

ಮಾಡದಾಗ ಇಟ್ಟೀನಿ, ಬೋಗಾಣಿ ಚಿತ್ರದ ಮಗ್ಗಲಕ.
ಅಂಗಡಿ ಹುಡುಗ ದಿನಾ ಮುಂಜಾನೆ ಅರಬಿ ಹಿಡದು ಬರ್ತಾನ.
ಅದೊಂದು ಬಿಡೋ, ಅಂತೀನಿ.
ಒಂದು ಬ್ಯಾಸಗಿ ಹೋಗೇತಿ. ಕಂಠದ ಸುತ್ತ
ಈಗ ಸ್ವಲ್ಪ, ಭಾಳ ಸ್ವಲ್ಪ—

ಬರ್ರಿ, ಬರ್ರಿ. ಯಾರ ಫೋಟೋ? ಅಪ್ಪಾರದಾ?
ಗಾಜು ಹಾಕೂದಾ, ಬ್ಯಾಡಾ?